ಎಸ್ಸೆಸ್ಸೆಲ್ಸಿ ಪಾಸಾದ ಸಂತೋಷಕ್ಕೆ ಮನೆಯಲ್ಲೇ ಅರವತ್ತು ಜನರ ಊಟ: ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ನಮ್ಮದು ಧಾರವಾಡದ ಸಪ್ತಾಪುರದಲ್ಲಿ ಸ್ವಂತ ಮನೆ, ಮೇಲೆ ದೊಡ್ಡ ಮಾಳಿಗೆ ಇದೆ. ಮಗಳು ಈ ಸಲ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದಿದ್ದಾಳೆ. ಅವಳ ಗೆಳತಿಯರು ಸುಮಾರು 25 ಮಂದಿ, ಬಂಧುಗಳು ಮತ್ತು ನೆರೆಯವರು 35 ಮಂದಿ, ಒಟ್ಟು 60 ಜನರನ್ನು ಒಂದು ಭಾನುವಾರ ಸಂಜೆ ಮನೆಗೆ ಕರೆಯಬೇಕೆಂದಿದ್ದೇವೆ. ಹೋಳಿಗೆ ಊಟವೇ ಆಗಬೇಕು ಎಂದು ಅತ್ತೆಯವರು ಹೇಳುತ್ತಾರೆ. ಮಗಳಿಗೆ ಗೋಬಿ ಮಂಚೂರಿ, ಪಾನಿಪುರಿ, ಪಿಜ್ಜಾ, ಕೇಕ್ ಬೇಕು. ಯಜಮಾನರು ಎಲ್ಲವನ್ನೂ ಕೇಟರಿಂಗ್‌ನವರಿಗೆ ವಹಿಸಿಬಿಡೋಣ ಎನ್ನುತ್ತಾರೆ. ನನಗೆ ಮಾತ್ರ ಮನೆಯ ಅಡುಗೆಯೇ ಇರಲಿ ಎಂಬ ಆಸೆ, ಆದರೆ ಇಷ್ಟು ಜನಕ್ಕೆ ಎಂದೂ ಮಾಡಿಲ್ಲ. ಏನೇನು ಮಾಡಬೇಕು, ಎಷ್ಟೆಷ್ಟು ಮಾಡಬೇಕು, ಯಾವುದನ್ನು ಹೊರಗಿನಿಂದ ತರಿಸಬಹುದು ಎಂಬುದನ್ನು ವಿವರವಾಗಿ ತಿಳಿಸಿ.

ಉತ್ತರ: ಮಗಳಿಗೆ ನನ್ನ ಅಭಿನಂದನೆ ತಿಳಿಸಿ. ನೀವು ಪತ್ರದಲ್ಲಿ ಏನು ಮಾಡಬೇಕೆಂದು ಕೇಳಿದ್ದೀರಿ, ಯಾವ ಹೊತ್ತಿಗೆ ಬಡಿಸುತ್ತೀರಿ ಎಂಬುದನ್ನು ಹೇಳಿಲ್ಲ. ಮೇ ತಿಂಗಳಲ್ಲಿ ಮನೆಯಲ್ಲಿ ಮಾಡುವ ಸಮಾರಂಭಕ್ಕೆ ಮೊದಲು ತೀರ್ಮಾನವಾಗಬೇಕಾದದ್ದು ಈ ಹೊತ್ತೇ. ಪದಾರ್ಥಗಳ ಪಟ್ಟಿ ಅದರ ಬೆನ್ನಿಗೆ ತಾನಾಗಿ ಬರುತ್ತದೆ. ಸಂಜೆ ಎಂದರೆ ಐದೂವರೆಯೂ ಆಗಬಹುದು, ಎಂಟೂವರೆಯೂ ಆಗಬಹುದು; ಮೊದಲನೆಯದಕ್ಕೆ ತಿಂಡಿ ಬೇಕು, ಎರಡನೆಯದಕ್ಕೆ ಊಟ ಬೇಕು, ಎರಡರ ನಡುವೆ ತೇಲಾಡುವ ಸಮಾರಂಭಕ್ಕೆ ಎರಡನ್ನೂ ಪೂರ್ತಿ ಪ್ರಮಾಣದಲ್ಲಿ ಮಾಡಿ ಅರ್ಧ ಚೆಲ್ಲಬೇಕಾಗುತ್ತದೆ. ಆದ್ದರಿಂದ ಆಮಂತ್ರಣದಲ್ಲೇ ಎರಡು ಸಮಯಗಳನ್ನು ಸ್ಪಷ್ಟವಾಗಿ ಬೇರೆ ಮಾಡಿ: ಗೆಳತಿಯರಿಗೆ ಸಂಜೆ ಐದೂವರೆಗೆ, ಹಿರಿಯರಿಗೆ ಏಳೂವರೆಗೆ. ಮಕ್ಕಳು ಮೊದಲು ಬಂದು ಖಾರ, ಭಜಿ, ಕೇಕ್ ತಿಂದು, ಹಾಡಿ ಕುಣಿದು, ಹಿರಿಯರ ಪಂಕ್ತಿ ಆರಂಭವಾಗುವ ಹೊತ್ತಿಗೆ ಅರ್ಧ ಹೊಟ್ಟೆ ತುಂಬಿಸಿಕೊಂಡಿರುತ್ತಾರೆ. ನಿಮ್ಮ ಮನೆಯಲ್ಲಿ ಮೂರು ಜನ ಮೂರು ಬಗೆಯಾಗಿ ಹೇಳುತ್ತಿರುವ ಮಾತಿಗೂ ಇದೇ ಪರಿಹಾರ. ಮಗಳ ಪಾರ್ಟಿ ಮಾಳಿಗೆಯ ಮೇಲೆ ಮೊದಲು ನಡೆಯಲಿ, ಅತ್ತೆಯವರ ಊಟ ಕೆಳಗೆ ಆಮೇಲೆ ನಡೆಯಲಿ.

ದಿನ ಗೊತ್ತು ಮಾಡುವ ಮುನ್ನ ಇನ್ನೊಂದು ವಿಚಾರ. ಈಗ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವುದರಿಂದ, ಮೊದಲ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಪರೀಕ್ಷೆ-2 ನಡೆಯುತ್ತದೆ. ನಿಮ್ಮ ಮಗಳ 25 ಗೆಳತಿಯರಲ್ಲಿ ಒಂದಿಬ್ಬರಾದರೂ ಅದಕ್ಕೆ ಓದುತ್ತಿರಬಹುದು, ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವವರೂ ಇರುತ್ತಾರೆ. ಅವರಿಗೆ ಪರೀಕ್ಷೆ ಮುಗಿದ ನಂತರದ ಭಾನುವಾರವಾದರೆ ಬರಲು ಮನಸ್ಸಾಗುತ್ತದೆ, ನಿಮ್ಮ ತಲೆ ಲೆಕ್ಕವೂ ಕೊನೆಯ ಗಳಿಗೆಯಲ್ಲಿ ಏರುಪೇರಾಗುವುದಿಲ್ಲ. ಮೇ ತಿಂಗಳು ಮದುವೆಗಳ ಕಾಲವೂ ಹೌದು. ಅಡಿಗಿಯವರು, ರೊಟ್ಟಿ ಮಾಡಿಕೊಡುವವರು, ಬಾಡಿಗೆ ಪಾತ್ರೆ, ಕುರ್ಚಿ ಇವೆಲ್ಲ ದೊಡ್ಡ ಮುಹೂರ್ತದ ದಿನ ಯಾವ ಬೆಲೆಗೂ ಸಿಗುವುದಿಲ್ಲವಾದ್ದರಿಂದ ಪಂಚಾಂಗ ನೋಡಿ, ಮುಹೂರ್ತ ಇಲ್ಲದ ಭಾನುವಾರವನ್ನೇ ಆರಿಸಿಕೊಳ್ಳಿ. ಸಾಮಾನ್ಯವಾಗಿ ಜನ ಮುಹೂರ್ತ ಹುಡುಕುತ್ತಾರೆ, ಇಲ್ಲಿ ನೀವು ತಪ್ಪಿಸಿಕೊಳ್ಳಬೇಕು.

ಇನ್ನು ಕೇಟರಿಂಗ್ ವಿಚಾರ. ಪೂರ್ತಿ ಬೇಡವೆನ್ನುವುದೂ, ಪೂರ್ತಿ ಅವರಿಗೇ ಒಪ್ಪಿಸುವುದೂ ನಿಮ್ಮ ಮನೆಯ ಸಂದರ್ಭಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಭಾಗದಲ್ಲಿ ಒಂದು ಅನುಕೂಲವಿದೆ: ಹುಬ್ಬಳ್ಳಿ-ಧಾರವಾಡದ ಬಹುತೇಕ ಬಡಾವಣೆಗಳಲ್ಲಿ ಮನೆಯಲ್ಲೇ ರೊಟ್ಟಿ, ಹೋಳಿಗೆ, ಚಟ್ನಿಪುಡಿ ಮಾಡಿ ಕೊಡುವ ಮಹಿಳೆಯರಿದ್ದಾರೆ, ಖಾನಾವಳಿಗಳಿವೆ. ಹೆಚ್ಚು ಕೈ ಬೇಡುವ, ಆದರೆ ತಂದಿಟ್ಟರೂ ರುಚಿ ಕೆಡದ ಪದಾರ್ಥಗಳನ್ನು ಅವರಿಂದ ತರಿಸಿ. ಬಿಸಿಯಾಗಿ, ತಾಜಾ ಆಗಿ ಇರಬೇಕಾದ ಎರಡು ಮೂರು ಪದಾರ್ಥಗಳನ್ನು ಮಾತ್ರ ನಿಮ್ಮ ಒಲೆಯ ಮೇಲೆ ಮಾಡಿ. ಮನೆಯ ಎರಡು ಅಥವಾ ಮೂರು ಬರ್ನರಿನ ಗ್ಯಾಸ್ ಒಲೆಯಲ್ಲಿ ಒಂದು ಸಂಜೆಗೆ 60 ಜನರಿಗೆ ಎಂಟು ಪದಾರ್ಥ ಬಿಸಿಬಿಸಿ ಮಾಡಿ ಬಡಿಸಲು ಯಾರಿಂದಲೂ ಆಗುವುದಿಲ್ಲ. ಹಟಕ್ಕೆ ಬಿದ್ದು ಮಾಡಿದವರ ಮನೆಯಲ್ಲಿ ಮಗುವಿನ ತಾಯಿ ಇಡೀ ಸಂಜೆ ಅಡುಗೆಮನೆಯಲ್ಲೇ ಇದ್ದು, ಫೋಟೋದಲ್ಲಿ ಕೂಡ ಕಾಣಿಸುವುದಿಲ್ಲ.

ಮಕ್ಕಳ ತಿಂಡಿಯಿಂದ ಆರಂಭಿಸೋಣ. ಗಿರ್ಮಿಟ್ ಮತ್ತು ಮಿರ್ಚಿ ಭಜಿ ಇರುವಾಗ ನಮ್ಮ ಊರಿನ ಮಕ್ಕಳಿಗೆ ಪಿಜ್ಜಾ ಅನಿವಾರ್ಯವಲ್ಲ ಎಂದು ನಾನು ನಂಬಿದ್ದೇನೆ. ಪಿಜ್ಜಾ ಹೊರಗಿನಿಂದ ಬರುವ ಹೊತ್ತಿಗೆ ಆರಿರುತ್ತದೆ, 25 ಮಕ್ಕಳ ಹೊಟ್ಟೆಗೆ ಸಾಲುವಷ್ಟು ತರಿಸಿದರೆ ಖರ್ಚು ಊಟದ ಖರ್ಚನ್ನು ಮೀರುತ್ತದೆ. ಗಿರ್ಮಿಟ್‌ಗೆ ಬೇಕಾದ ಗೊಜ್ಜನ್ನು ಮಧ್ಯಾಹ್ನವೇ ಮಾಡಿಡಬಹುದು. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು ಸಿಡಿಸಿ, ಹೆಚ್ಚಿದ ಉಳ್ಳಾಗಡ್ಡಿ ಮತ್ತು ಹಸಿಮೆಣಸಿನಕಾಯಿಯನ್ನು ಬಾಡಿಸಿ, ಅರಿಶಿನ ಹಾಕಿ, ಹುಣಸೆರಸ ಮತ್ತು ಬೆಲ್ಲ ಸೇರಿಸಿ, ಹಸಿವಾಸನೆ ಹೋಗಿ ಎಣ್ಣೆ ಅಂಚಿಗೆ ಬಿಡುವವರೆಗೆ ಕುದಿಸಿ ಇಳಿಸಿ. ಅಸಲಿ ಕೆಲಸ ಇರುವುದು ಕಲಸುವುದರಲ್ಲಿ. ಅಗಲವಾದ ಪರಾತಿನಲ್ಲಿ ಚುರಮುರಿ ಸುರಿದು, ಗೊಜ್ಜು ಹಾಕಿ ಕೈಯಿಂದ ಮೇಲೆ ಕೆಳಗೆ ಮಾಡಿ, ಪುಟಾಣಿ ಹಿಟ್ಟು ಉದುರಿಸಿ, ಮತ್ತೊಮ್ಮೆ ತಿರುವಿ, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಹಾಕಿದ ತಕ್ಷಣ ತಟ್ಟೆಗೆ ಹೋಗಬೇಕು. ಐದು ನಿಮಿಷ ತಡವಾದರೆ ಚುರಮುರಿ ಗೊಜ್ಜನ್ನು ಕುಡಿದು ಮೆತ್ತಗಾಗಿಬಿಡುತ್ತದೆ. ಆದ್ದರಿಂದ 60 ಜನರದನ್ನು ಒಮ್ಮೆಲೇ ಕಲಸದೆ, ಹತ್ತು ಹತ್ತು ತಟ್ಟೆಯ ಲೆಕ್ಕದಲ್ಲಿ ಕಲಸಬೇಕು. ಈ ಕೆಲಸವನ್ನು ಮಗಳಿಗೂ ಇಬ್ಬರು ಗೆಳತಿಯರಿಗೂ ವಹಿಸಿ, ಅವರು ಅದನ್ನು ಆಟವೆಂದೇ ಮಾಡುತ್ತಾರೆ. ತಟ್ಟೆಗೆ 30 ಗ್ರಾಂ ಚುರಮುರಿ ಹಿಡಿದರೆ, ಮಕ್ಕಳು ಮತ್ತು ಬೇಗ ಬರುವ ಹಿರಿಯರು ಸೇರಿ 45 ರಿಂದ 50 ತಟ್ಟೆಗೆ ಒಂದೂವರೆ ಕಿಲೋ ಸಾಕು. ತೂಕ ಕೇಳಿ ಕಡಿಮೆಯೆನಿಸಿದರೂ ಚೀಲ ನೋಡಿದಾಗ ಹೆದರಿಕೆಯಾಗುವಷ್ಟು ದೊಡ್ಡದಿರುತ್ತದೆ. ತಂದ ಚುರಮುರಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಕಟ್ಟಿಡಿ, ಅಡ್ಡಮಳೆಯ ತೇವಕ್ಕೆ ಅದು ಒಂದೇ ದಿನದಲ್ಲಿ ಸೊಕ್ಕು ಕಳೆದುಕೊಳ್ಳುತ್ತದೆ.

ಮಿರ್ಚಿಗೆ ಮಕ್ಕಳಿಗೆ ತಲಾ ಎರಡು, ಹಿರಿಯರಿಗೆ ತಲಾ ಒಂದು ಎಂದು ಹಿಡಿದರೆ 85 ಆಗುತ್ತದೆ. ಇದಕ್ಕೆ ಭಜಿಯ ಉದ್ದ ಮೆಣಸಿನಕಾಯಿ ಸುಮಾರು ಒಂದೂಕಾಲು ಕಿಲೋ, ಕಡಲೆಹಿಟ್ಟು ಅಷ್ಟೇ, ಕರಿಯಲು ಎರಡರಿಂದ ಎರಡೂವರೆ ಲೀಟರ್ ಎಣ್ಣೆ ಬೇಕು. ಮೆಣಸಿನಕಾಯಿಯನ್ನು ಸೀಳಿ, ಬೀಜ ತೆಗೆದು, ಉಪ್ಪು ಮತ್ತು ಜೀರಿಗೆ ಪುಡಿ ಸವರಿಟ್ಟರೆ ಖಾರ ತಿನ್ನಲಾರದ ಮಕ್ಕಳೂ ತಿನ್ನುತ್ತಾರೆ. ಕರಿಯುವ ಕೆಲಸಕ್ಕೆ ಮಾತ್ರ ಎರಡು ಮೂರು ತಾಸಿಗೆ ಒಬ್ಬ ಭಜಿ ಮಾಡುವವರನ್ನು ಕೂಲಿಗೆ ಕರೆಸಿ. ಈ ಖರ್ಚು ದಂಡವಲ್ಲ, ಮೇ ತಿಂಗಳ ಸೆಕೆಯಲ್ಲಿ ಕುದಿಯುವ ಎಣ್ಣೆಯ ಮುಂದೆ ನೀವು ನಿಂತರೆ ಅತಿಥಿಗಳನ್ನು ಬರಮಾಡಿಕೊಳ್ಳುವವರು ಯಾರು? ಒಲೆಯನ್ನು ಹಿತ್ತಲಿನಲ್ಲಿ, ಗಾಳಿಗೆ ಮರೆ ಇರುವ ಕಡೆ, ಮಕ್ಕಳು ಓಡಾಡುವ ದಾರಿಯಿಂದ ದೂರ ಇಡಿಸಿ, ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ. ಮಾಳಿಗೆಯ ಮೇಲೆ ಕರಿಯುವುದು ಬೇಡವೇ ಬೇಡ, ಸಂಜೆಯ ಗಾಳಿ ಯಾವ ಕಡೆ ಬೀಸುತ್ತದೆಂದು ಹೇಳಲಾಗದು.

ಗೋಬಿ ಮಂಚೂರಿ ಬೇಕೆಂಬ ಮಗಳ ಹಟವನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ, ಆದರೆ ಮಿರ್ಚಿ ಅಥವಾ ಗೋಬಿ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿ. ಎರಡಕ್ಕೂ ಅದೇ ಬಾಣಲೆ, ಅದೇ ಹೊತ್ತು, ಅದೇ ಮನುಷ್ಯ ಬೇಕು. ಗೋಬಿಯನ್ನೇ ಆರಿಸಿದರೆ ಅಂಗಡಿಯಿಂದ ತರಿಸದೆ ಮನೆಯಲ್ಲಿ ಮಾಡಿ. ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ಮತ್ತು ರೋಡಮೈನ್-ಬಿ ಎಂಬ ರಾಸಾಯನಿಕ ಇರುವ ಬಣ್ಣದ ಬಾಂಬೆ ಮಿಠಾಯಿಯನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ಕೆಂಪು ಬಣ್ಣ ಬೇಕೆಂದರೆ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ನಮ್ಮ ಕೈಯಳತೆಯಲ್ಲೇ ಇದೆ. ಅದರ ಹೆಸರಾಗಿರುವುದೇ ಹೆಚ್ಚು ಬಣ್ಣ, ಕಡಿಮೆ ಖಾರಕ್ಕೆ. ಹತ್ತು ಹನ್ನೆರಡು ಕಾಯಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಬೀಜ ತೆಗೆದು, ನುಣ್ಣಗೆ ರುಬ್ಬಿ ಸಾಸಿಗೆ ಸೇರಿಸಿದರೆ ಅಂಗಡಿಯ ಬಣ್ಣವನ್ನೂ ಮೀರಿಸುವ ಕೆಂಪು ಬರುತ್ತದೆ.

ಪಾನಿಪುರಿ ಬಗ್ಗೆ ಒಂದೇ ಮಾತು: ಬೀದಿಯ ಗಾಡಿಯವರನ್ನು ಮನೆಗೆ ಕರೆಸುವುದಾದರೆ ಪುರಿ, ಬಟಾಣಿ ಅವರದಿರಲಿ, ಪಾನಿಗೆ ಬೇಕಾದ ನೀರು ಮತ್ತು ಮಂಜುಗಡ್ಡೆ ನಿಮ್ಮದೇ ಇರಲಿ. ಕೇಕಿಗೆ 25 ಮಕ್ಕಳಿದ್ದರೆ ಒಂದೂವರೆ ಕಿಲೋ ಸಾಕು, ಮೊಟ್ಟೆ ಇಲ್ಲದ್ದನ್ನೇ ಹೇಳಿ ಮಾಡಿಸಿದರೆ ಎಲ್ಲ ಮನೆಯ ಮಕ್ಕಳೂ ಸಂಕೋಚವಿಲ್ಲದೆ ತಿನ್ನಬಹುದು. ಕ್ರೀಮ್ ಹೆಚ್ಚಿರುವ ಕೇಕ್ ಈ ಸೆಕೆಯಲ್ಲಿ ಮೇಜಿನ ಮೇಲೆ ಅರ್ಧ ತಾಸು ಕೂಡ ನಿಲ್ಲುವುದಿಲ್ಲ. ಕತ್ತರಿಸುವ ಗಳಿಗೆಗೆ ಮಾತ್ರ ಫ್ರಿಜ್ಜಿನಿಂದ ಹೊರತೆಗೆಯಿರಿ.

ಈಗ ಹಿರಿಯರ ಊಟ. ಇಲ್ಲಿ ಅತ್ತೆಯವರ ಮಾತಿನಲ್ಲಿ ತೂಕವಿದೆ. ಮೇ ತಿಂಗಳಲ್ಲಿ ಧಾರವಾಡದಲ್ಲಿ ಹೋಳಿಗೆ-ಸೀಕರಣೆಗಿಂತ ಸಮಯೋಚಿತವಾದ ಸಿಹಿ ಊಟ ಬೇರೊಂದಿಲ್ಲ, ಏಕೆಂದರೆ ಆಪೂಸ್ ಮಾವು ಮಾರುಕಟ್ಟೆಗೆ ಬರುವುದೂ ಇದೇ ಹೊತ್ತಿನಲ್ಲಿ. ಹೋಳಿಗೆಯನ್ನು ಹೊರಗೆ ಮಾಡಿಸಿ, ಸೀಕರಣೆಯನ್ನು ಮನೆಯಲ್ಲಿ ಮಾಡಿ. ಕಡಲೆಬೇಳೆ ಹೂರಣದ ಹೋಳಿಗೆ ಈ ಸೆಕೆಗೆ ಮರುದಿನಕ್ಕೆ ಹಳಸುವುದರಿಂದ ಅದೇ ದಿನ ಮಧ್ಯಾಹ್ನ ಮಾಡಿ ಕೊಡುವವರನ್ನೇ ಗೊತ್ತು ಮಾಡಿಕೊಳ್ಳಬೇಕು. ಹಿಂದಿನ ದಿನವೇ ಕೊಡುತ್ತೇವೆಂದರೆ ಹೂರಣದ್ದನ್ನು ಬಿಟ್ಟು ಶೇಂಗಾ ಹೋಳಿಗೆ ಹೇಳಿ, ಅದು ನಾಲ್ಕಾರು ದಿನ ಕೆಡದೆ ಇರುತ್ತದೆ. ಹಿರಿಯರಿಗೆ ತಲಾ ಒಂದು, ಮಕ್ಕಳಿಗೆ ಅರ್ಧ, ಎರಡನೆಯದನ್ನು ಕೇಳಿ ಹಾಕಿಸಿಕೊಳ್ಳುವವರಿಗೆ ಹತ್ತು ಎಂದು ಹಿಡಿದರೆ ಸುಮಾರು 60 ಬೇಕು. ಹೂರಣದ ಹೋಳಿಗೆಯವರಲ್ಲಿ ಕಟ್ಟನ್ನೂ ಕೇಳಿ ಒಂದು ಸ್ಟೀಲ್ ಡಬ್ಬಿಯಲ್ಲಿ ತರಿಸಿಕೊಳ್ಳುವುದನ್ನು ಮರೆಯಬೇಡಿ. ಹೋಳಿಗೆ ಹೊರಗಾದಾಗ ಬೇಳೆ ಬಸಿದ ನೀರು ಮನೆಗೆ ಬರುವುದಿಲ್ಲ, ಕಟ್ಟಿಲ್ಲದೆ ಕಟ್ಟಿನ ಸಾರು ಆಗುವುದಿಲ್ಲ. ಅವರು ಕೊಡದಿದ್ದರೆ, ಅಥವಾ ನೀವು ಶೇಂಗಾ ಹೋಳಿಗೆಯನ್ನೇ ಹೇಳಿದ್ದರೆ, ಮನೆಯಲ್ಲೇ ಮುಕ್ಕಾಲು ಕಿಲೋ ಕಡಲೆಬೇಳೆ ಬೇಯಿಸಿ, ಒಂದು ಹಿಡಿ ಬೇಳೆಯನ್ನು ರುಬ್ಬಿ ಆ ನೀರಿಗೇ ಕೂಡಿಸಿ ಏಳು ಲೀಟರ್ ಸಾರು ಮಾಡಿ.

ಸೀಕರಣೆಗೆ ಮೂರು ಡಜನ್ ಆಪೂಸ್ ಬೇಕು. 200 ರಿಂದ 250 ಗ್ರಾಂ ತೂಗುವ ಹಣ್ಣಿನಲ್ಲಿ ಸಿಪ್ಪೆ, ವಾಟೆ ಕಳೆದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತಿರುಳು ಸಿಗುತ್ತದೆ. ಅಂದರೆ 36 ಹಣ್ಣಿಗೆ ನಾಲ್ಕು ಕಿಲೋ ಮೀರಿ ತಿರುಳು. ಅದಕ್ಕೆ ಕಾಯಿಸಿ ಪೂರ್ತಿ ತಣ್ಣಗಾದ ಎರಡು ಲೀಟರ್ ಹಾಲು, ರುಚಿಗೆ ಸಕ್ಕರೆ, ಏಲಕ್ಕಿ ಸೇರಿದರೆ ತಲಾ ಒಂದು ಬಟ್ಟಲಿನಂತೆ 60 ಜನರಿಗೆ ಆಗುತ್ತದೆ. ಹಣ್ಣನ್ನು ಅದೇ ದಿನ ಕೊಂಡರೆ ಮೂರರಲ್ಲಿ ಒಂದು ಹುಳಿ ಇರುತ್ತದೆ. ವಾರ ಮೊದಲೇ ಬಲಿತ ಕಾಯಿ ತಂದು, ಬತ್ತದ ಹುಲ್ಲಿನಲ್ಲೋ ಕಾಗದದಲ್ಲೋ ಅಡಿ ಹಾಕಿ, ದಿನಾ ಒಮ್ಮೆ ತೆಗೆದು ನೋಡಿ, ಹಣ್ಣಾದವನ್ನು ಬೇರೆ ಮಾಡುತ್ತ ಬನ್ನಿ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದ್ದರೂ ಅಂಥ ಹಣ್ಣು ಮಾರುಕಟ್ಟೆಯಲ್ಲಿ ಕಾಣುವುದುಂಟು. ಮೇಲೆ ಒಂದೇ ಸಮ ಹಳದಿ, ಒಳಗೆ ಬಿಳಿಚಿ ಗಟ್ಟಿ ಇದ್ದರೆ, ತೊಟ್ಟಿನ ಬಳಿ ವಾಸನೆ ಇಲ್ಲದಿದ್ದರೆ ಅದನ್ನು ಬಿಡಿ. ತಿರುಳನ್ನು ಭಾನುವಾರ ಬೆಳಿಗ್ಗೆ ತೆಗೆದು ಫ್ರಿಜ್ಜಿನಲ್ಲಿಟ್ಟು, ಹಾಲನ್ನು ಬಡಿಸುವುದಕ್ಕೆ ಅರ್ಧ ತಾಸು ಮುಂಚೆಯಷ್ಟೇ ಕೂಡಿಸಿ. ಬಡಿಸುವ ಪಾತ್ರೆಯನ್ನು ಮಂಜುಗಡ್ಡೆ ತುಂಬಿದ ಬುಟ್ಟಿಯೊಳಗೆ ಕೂಡಿಸಿಡಿ.

ರೊಟ್ಟಿಯನ್ನು ಎರಡು ಬಗೆಯಲ್ಲಿ ತರಿಸಿ. ಕಡಕ್ ರೊಟ್ಟಿ 60 ಅನ್ನು ಮೂರು ನಾಲ್ಕು ದಿನ ಮೊದಲೇ ತಂದು ಒಣ ಡಬ್ಬಿಯಲ್ಲಿಟ್ಟುಕೊಳ್ಳಬಹುದು. ಬಿಸಿರೊಟ್ಟಿ 60 ಅನ್ನು ಏಳು ಗಂಟೆಗೆ ಸರಿಯಾಗಿ ಬರುವಂತೆ ಹೇಳಿ, ಬಟ್ಟೆ ಹಾಸಿದ ಬುಟ್ಟಿಯಲ್ಲಿ ಮುಚ್ಚಿಡಿ. ಪೂರ್ತಿ ಊಟ ಮಾಡುವವರು 35 ಹಿರಿಯರು, ಅರ್ಧ ಊಟ ಮಾಡುವವರು 25 ಮಕ್ಕಳು, ಅಂದರೆ ಲೆಕ್ಕಕ್ಕೆ 48 ತಟ್ಟೆ. ತಟ್ಟೆಗೆ ಎರಡರಂತೆ 96 ರೊಟ್ಟಿ ಸಾಕಾಗುತ್ತದೆ, ಉಳಿದ ಕಡಕ್ ರೊಟ್ಟಿ ಕೆಡುವುದಿಲ್ಲ. ಈ 48ರ ಲೆಕ್ಕವನ್ನೇ ಊಟದ ಉಳಿದ ಪದಾರ್ಥಗಳಿಗೂ ಹಿಡಿಯಿರಿ, 60ಕ್ಕೆ ಗುಣಿಸಬೇಡಿ. ಮನೆಯ ಸಮಾರಂಭಗಳಲ್ಲಿ ಅನ್ನ, ಪಲ್ಯ ಬಕೀಟುಗಟ್ಟಲೆ ಉಳಿಯಲು ಮುಖ್ಯ ಕಾರಣ ತಿಂಡಿ ತಿಂದ ಮಕ್ಕಳನ್ನು ಪೂರ್ತಿ ಊಟದವರೆಂದು ಎಣಿಸುವುದೇ ಆಗಿದೆ.

ಪಲ್ಯ ಎರಡೇ ಇರಲಿ: ಎಣ್ಣೆಗಾಯಿ ಮತ್ತು ಮಡಿಕಿ ಕಾಳು. ಎಣ್ಣೆಗಾಯಿಗೆ ಎಳೆಯ, ಗುಂಡನೆಯ ಸಣ್ಣ ಬದನೆಕಾಯಿ ಐದು ಕಿಲೋ ತನ್ನಿ, ಕಿಲೋಗೆ 18 ರಿಂದ 20 ತೂಗುವಂಥವು. ತೊಟ್ಟು ಉಳಿಸಿ ನಾಲ್ಕು ಸೀಳು ಮಾಡಿ ಉಪ್ಪುನೀರಿನಲ್ಲಿ ಹಾಕಿದರೆ ಕಪ್ಪಾಗುವುದಿಲ್ಲ. ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಬೆಳ್ಳುಳ್ಳಿ, ಮಸಾಲೆ ಖಾರ, ಹುಣಸೆಹಣ್ಣು, ಬೆಲ್ಲ ಸೇರಿಸಿ ಅರೆದ ಹೂರಣವನ್ನು ಶನಿವಾರ ರಾತ್ರಿಯೇ ಸಿದ್ಧ ಮಾಡಿ ಫ್ರಿಜ್ಜಿನಲ್ಲಿಟ್ಟು, ಭಾನುವಾರ ನಾಲ್ಕು ಗಂಟೆಗೆ ತುಂಬಿ ಬೇಯಲು ಇಡಿ. ದೊಡ್ಡ ಪಾತ್ರೆಯಲ್ಲಿ ಐದು ಕಿಲೋ ಬದನೆಯನ್ನು ಒಮ್ಮೆಲೇ ಬೇಯಿಸಿದರೆ ಕೆಳಗಿನವು ಕರಗಿ ಮೇಲಿನವು ಹಸಿಯಾಗಿ ಉಳಿಯುವುದರಿಂದ, ಅಗಲವಾದ ಎರಡು ಬಾಣಲೆಗಳಲ್ಲಿ ಒಂದೇ ಪದರವಾಗಿ ಜೋಡಿಸಿ, ಸಣ್ಣ ಉರಿಯಲ್ಲಿ, ಮುಚ್ಚಳದ ಮೇಲೆ ನೀರು ಹಾಕಿ ಬೇಯಿಸಬೇಕು. ಸೌಟು ಹಾಕಿ ತಿರುವದೆ ಬಾಣಲೆಯನ್ನೇ ಹಿಡಿದು ಅಲುಗಿಸಬೇಕು. ತೊಟ್ಟು ಒತ್ತಿದರೆ ಮೆತ್ತಗೆ ಬಾಗಿ, ಎಣ್ಣೆ ಮೇಲೆ ತೇಲಿದಾಗ ಆಗಿದೆ ಎಂದು ತಿಳಿಯಿರಿ. ಮಡಿಕಿ ಕಾಳು ಒಂದೂವರೆ ಕಿಲೋ ಸಾಕು, ಶುಕ್ರವಾರ ಬೆಳಿಗ್ಗೆ ನೆನೆಸಿ ರಾತ್ರಿ ಬಟ್ಟೆಯಲ್ಲಿ ಕಟ್ಟಿದರೆ ಶನಿವಾರ ಸಂಜೆಗೆ ಮೊಳಕೆ ಬಂದಿರುತ್ತದೆ. ಅಲ್ಲಿಂದ ಮುಂದೆ ಫ್ರಿಜ್ಜಿನಲ್ಲಿಡಬೇಕು, ಇಲ್ಲದಿದ್ದರೆ ಈ ಬಿಸಿಲಿಗೆ ಹುಳಿವಾಸನೆ ಬರುತ್ತದೆ. ಈ ಪಲ್ಯವನ್ನು ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದೆ ಮಾಡಿ. ನಿಮ್ಮ ಅತಿಥಿಗಳಲ್ಲಿ ಅವೆರಡನ್ನೂ ತಿನ್ನದವರು ಇದ್ದರೆ, ಹಸಿವಿನಲ್ಲಿ ಬಂದ ಅವರು ಬರೀ ಮೊಸರನ್ನ ತಿಂದು ಹೋಗುವಂತಾಗಬಾರದು.

ಶೇಂಗಾ ಚಟ್ನಿ, ಅಗಸಿ ಚಟ್ನಿ, ಗಟ್ಟಿ ಮೊಸರು, ಬೆಣ್ಣೆ, ಹೆಚ್ಚಿದ ಸವತಿಕಾಯಿ, ಗಜ್ಜರಿ, ಎಳೆ ಮೆಂತೆಸೊಪ್ಪು ಇವುಗಳಿಗೆ ಒಲೆಯ ಹಂಗಿಲ್ಲ, ಆದ್ದರಿಂದ ತಟ್ಟೆ ತುಂಬಿ ಕಾಣಬೇಕೆಂಬ ಅತ್ತೆಯವರ ಆಸೆಯನ್ನು ಇವುಗಳಿಂದಲೇ ಪೂರೈಸಿ. ಶೇಂಗಾ ನಮ್ಮ ಅಡುಗೆಯಲ್ಲಿ ಎಲ್ಲಿ ನೋಡಿದರಲ್ಲಿ ಇರುವುದರಿಂದ, ಅದು ಒಗ್ಗದ ಮಕ್ಕಳು ಯಾರಾದರೂ ಇದ್ದಾರೆಯೇ ಎಂದು ಆಮಂತ್ರಿಸುವಾಗಲೇ ಪಾಲಕರನ್ನು ಕೇಳಿಬಿಡಿ. ಶೇಂಗಾ ಅಲರ್ಜಿ ಇರುವವರಿಗೆ ಒಂದು ಚಿಟಿಕೆ ಪುಡಿಯೂ ಪ್ರಾಣಕ್ಕೆ ಅಪಾಯ ತರಬಹುದು.

ಅನ್ನದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಸಮಾರಂಭಗಳಲ್ಲಿ ಹೊಟ್ಟೆ ಕೆಡಲು ಜನ ಎಣ್ಣೆಯನ್ನೋ ಬದನೆಕಾಯಿಯನ್ನೋ ದೂರುತ್ತಾರೆ, ಅನ್ನವನ್ನು ಯಾರೂ ಸಂಶಯಿಸುವುದಿಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು, ಅವು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಮಾಡಿ ಮುಚ್ಚಿಟ್ಟ ಅನ್ನ ಉಗುರು ಬೆಚ್ಚಗೆ ಇರುವ ಹೊತ್ತಿನಲ್ಲಿ ಅವು ಮೊಳೆತು ಬೆಳೆದು ವಾಂತಿ ತರಿಸುವ ವಿಷವನ್ನು ಬಿಡುತ್ತವೆ. ಮತ್ತೆ ಬಿಸಿ ಮಾಡಿದರೆ ಆ ವಿಷ ಹೋಗುವುದಿಲ್ಲ. ಯಾವುದೇ ಬೇಯಿಸಿದ ಆಹಾರ 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಎರಡು ತಾಸಿಗಿಂತ ಹೆಚ್ಚು ಇರಬಾರದು, ಹೊರಗಿನ ಸೆಕೆ 32 ಡಿಗ್ರಿ ದಾಟಿದ್ದರೆ ಒಂದು ತಾಸು ಮಾತ್ರ ಎಂಬುದು ಆಹಾರ ಸುರಕ್ಷತೆಯಲ್ಲಿ ಒಪ್ಪಿತವಾದ ನಿಯಮ. ಮೇ ತಿಂಗಳ ಧಾರವಾಡದಲ್ಲಿ ಸೂರ್ಯ ಮುಳುಗಿದ ಮೇಲೂ ಅಡುಗೆಮನೆಯ ಒಳಗೆ 32 ಡಿಗ್ರಿ ಸಹಜವಾಗಿ ಇರುತ್ತದೆ. ಆದ್ದರಿಂದ ಎರಡೂವರೆ ಕಿಲೋ ಅಕ್ಕಿಯ ಅನ್ನವನ್ನು ಒಮ್ಮೆಲೇ ಮಾಡದೆ, ಅರ್ಧವನ್ನು ಏಳೂಕಾಲಿಗೆ, ಉಳಿದರ್ಧವನ್ನು ಎಂಟೂಕಾಲಿಗೆ ಇಡಿ. ರೊಟ್ಟಿ ಇರುವ ಊಟದಲ್ಲಿ ಮೊಸರನ್ನದ್ದೂ ಸೇರಿ ತಲಾ 70 ರಿಂದ 75 ಗ್ರಾಂ ಅಕ್ಕಿ ಸಾಕಾಗುತ್ತದೆ. ಮೊಸರನ್ನಕ್ಕೆಂದು ಇನ್ನೊಂದು ಕಿಲೋ ಬೇರೆ ಹಿಡಿಯಿರಿ. ಮೊಸರನ್ನಕ್ಕೆ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರವಿ ಬೇಗ ಆರಿಸಿ, ಹೆಚ್ಚು ಹಾಲು ಮತ್ತು ಕಡಿಮೆ ಮೊಸರು ಹಾಕಿ ಫ್ರಿಜ್ಜಿನಲ್ಲಿಟ್ಟರೆ ಬಡಿಸುವ ಹೊತ್ತಿಗೆ ಹುಳಿಯಾಗದೆ ತಣ್ಣಗಿರುತ್ತದೆ.

ನೀರು ನಮ್ಮ ಅವಳಿನಗರದಲ್ಲಿ ಪ್ರತ್ಯೇಕ ಯೋಜನೆಯನ್ನೇ ಬೇಡುತ್ತದೆ. ಕೆಲವು ಬಡಾವಣೆಗಳಿಗೆ 24 ತಾಸು ನೀರು ಬರುತ್ತದೆ, ಉಳಿದವಕ್ಕೆ ಹಲವು ದಿನಗಳಿಗೊಮ್ಮೆ. ನಿಮ್ಮದು ಎರಡನೆಯ ಬಗೆಯ ಬಡಾವಣೆಯಾಗಿದ್ದರೆ ನೀರು ಬಿಡುವ ಸರದಿ ಭಾನುವಾರಕ್ಕೆ ಒಂದೆರಡು ದಿನ ಮುಂಚೆ ಬರುವಂತೆ ದಿನ ಹಿಡಿಯಿರಿ, ಇಲ್ಲವೇ ಶನಿವಾರವೇ ಟ್ಯಾಂಕರಿಗೆ ಹೇಳಿಡಿ. ಕುಡಿಯಲು ತಲಾ ಒಂದು ಲೀಟರಿನಂತೆ 60 ಲೀಟರ್ ಬೇಕು, ಅಂದರೆ 20 ಲೀಟರಿನ ಕ್ಯಾನ್ ಮೂರು, ನಾಲ್ಕು ತರಿಸಿ. ಮಜ್ಜಿಗೆಗೆ ನಾಲ್ಕು ಲೀಟರ್ ಮೊಸರನ್ನು ಕಡೆದು, ಮೂರು ಪಟ್ಟು ನೀರು, ಶುಂಠಿ, ಕರಿಬೇವು, ಇಂಗು, ಉಪ್ಪು ಹಾಕಿದರೆ 15 ಲೀಟರಿನ ಮೇಲೆ ಆಗುತ್ತದೆ. ಇದನ್ನು ಐದೂವರೆಯಿಂದಲೇ ಮಾಳಿಗೆಯ ಮೇಲೆ ಇಟ್ಟುಬಿಡಿ, ಮಿರ್ಚಿ ತಿಂದ ಮಕ್ಕಳು ಮೊದಲು ಹುಡುಕುವುದು ಅದನ್ನೇ. ಅಂಗಡಿಯ ಮಂಜುಗಡ್ಡೆಯನ್ನು ಪಾತ್ರೆಗಳ ಸುತ್ತ ಇಡಲು ಮಾತ್ರ ಬಳಸಿ, ಪಾನೀಯದೊಳಗೆ ಹಾಕಬೇಡಿ.

ಮಾಳಿಗೆಯನ್ನು ನಂಬಿಕೊಂಡವರಿಗೆ ಮೇ ತಿಂಗಳ ಸಂಜೆಯ ಗಾಳಿ-ಮಳೆ ಹೊಸದಲ್ಲ. ನಾಲ್ಕು ಗಂಟೆಗೆ ಮೋಡ ಕಟ್ಟಿ, ಐದಕ್ಕೆ ಧೂಳು ಎಬ್ಬಿಸಿ, ಆರಕ್ಕೆ ಕರೆಂಟ್ ತೆಗೆದುಬಿಡುತ್ತದೆ. ತಿಂಡಿಯ ಮೇಜನ್ನು ಮಾಳಿಗೆಯ ಮೆಟ್ಟಿಲ ಬಾಯಲ್ಲೇ, ಐದು ನಿಮಿಷದಲ್ಲಿ ಒಳಗೆ ಸಾಗಿಸುವಂತೆ ಇಡಿ. ಬ್ಯಾಟರಿ ದೀಪ ಎರಡು ಸಿದ್ಧವಿರಲಿ. ಮಿಕ್ಸರಿನಲ್ಲಿ ಆಗಬೇಕಾದ ಅರೆಯುವ ಕೆಲಸವೆಲ್ಲ ಶನಿವಾರವೇ ಮುಗಿದಿರಲಿ. ತಟ್ಟೆಗೆ ಅಡಿಕೆ ಹಾಳೆ ಅಥವಾ ಮುತ್ತಲ ಎಲೆಯ ಪತ್ರಾವಳಿ ತನ್ನಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿತ ಎಂಬುದು ಒಂದು ಕಾರಣ. ಸಾರು ಬಿದ್ದ ತೆಳು ಕಾಗದದ ತಟ್ಟೆ ಹಿರಿಯರ ಮಡಿಲಿಗೆ ಬಾಗುವುದು ಇನ್ನೊಂದು. ಸೀಕರಣೆಗೂ ಸಾರಿಗೂ ಸ್ಟೀಲಿನ ಬಟ್ಟಲುಗಳನ್ನು ಬಾಡಿಗೆಗೆ ತಂದರೆ ಎಲ್ಲಕ್ಕಿಂತ ಉತ್ತಮ.

ಪೇಡಾ ಹೇಗೂ ಇರಬೇಕು, ಧಾರವಾಡದಲ್ಲಿ ಪಾಸಾಗಿ ಪೇಡಾ ಹಂಚದಿದ್ದರೆ ಫಲಿತಾಂಶದ ಬಗ್ಗೆಯೇ ಜನ ಸಂಶಯಪಟ್ಟಾರು. ಆದರೆ ಅದನ್ನು ಊಟದ ತಟ್ಟೆಯಲ್ಲಿ ಬಡಿಸಬೇಡಿ, ಹೋಳಿಗೆ-ಸೀಕರಣೆಯ ಜೊತೆ ಮೂರನೆಯ ಸಿಹಿಗೆ ನಾಲಿಗೆ ಒಪ್ಪುವುದಿಲ್ಲ. ಹೊರಡುವಾಗ ಎರಡೆರಡು ಪೇಡಾ ಸಣ್ಣ ಕಾಗದದ ಪೊಟ್ಟಣದಲ್ಲಿ ಕೊಟ್ಟು ಕಳಿಸಿ. ಕಿಲೋಗೆ 40 ರಿಂದ 50 ಪೇಡಾ ಬರುವುದರಿಂದ ಮೂರು ಕಿಲೋ ಸಾಕು. ಖೋವಾದ ಪದಾರ್ಥವಾದರೂ ಹಾಲನ್ನು ಚೆನ್ನಾಗಿ ಬತ್ತಿಸಿ ಹುರಿದು ಸಕ್ಕರೆ ಹಾಕಿರುವುದರಿಂದ ಇದು ಬಿಳಿ ಪೇಡಾಕ್ಕಿಂತಲೂ ಬರ್ಫಿಗಿಂತಲೂ ಹೆಚ್ಚು ತಾಳುತ್ತದೆ, ಹಾಗಾಗಿ ಶನಿವಾರವೇ ತಂದಿಡಬಹುದು.

ಕೊನೆಯದಾಗಿ ಉಳಿದ ಅಡುಗೆ. ಒಂಬತ್ತೂವರೆಗೆ ಪಂಕ್ತಿ ಮುಗಿದ ಕೂಡಲೇ ಯಾರಾದರೊಬ್ಬರು ಅಡುಗೆಮನೆಗೆ ಹೋಗಿ ಬೇರ್ಪಡಿಸುವ ಕೆಲಸ ಮಾಡಬೇಕು, ಇದನ್ನು ಯಜಮಾನರಿಗೆ ವಹಿಸಬಹುದು. ಕಡಕ್ ರೊಟ್ಟಿ, ಚಟ್ನಿಪುಡಿ, ಪೇಡಾ ಮತ್ತು ಶೇಂಗಾ ಹೋಳಿಗೆಯನ್ನು ಹಾಗೆಯೇ ಎತ್ತಿಡಬಹುದು. ಎಣ್ಣೆಗಾಯಿ, ಕಾಳು ಪಲ್ಯ, ಸಾರು ಇವುಗಳನ್ನು ಒಮ್ಮೆ ಕುದಿ ಬರುವಂತೆ ಬಿಸಿ ಮಾಡಿ, ಸಣ್ಣ ಡಬ್ಬಿಗಳಿಗೆ ಹಂಚಿ, ಆರಿದ ತಕ್ಷಣ ಫ್ರಿಜ್ಜಿಗೆ ಹಾಕಿ, ಮರುದಿನದ ಮಧ್ಯಾಹ್ನದೊಳಗೆ ಮುಗಿಸಿ. ನೆರೆಮನೆಗೋ ಕೆಲಸದವರಿಗೋ ಕೊಡುವುದಿದ್ದರೆ ಅದೇ ರಾತ್ರಿ, ಬಿಸಿಯಿರುವಾಗಲೇ ಕೊಟ್ಟುಬಿಡಿ, ಬೆಳಿಗ್ಗೆಗೆ ಇಟ್ಟು ಕೊಡಬೇಡಿ. ಮಂಜುಗಡ್ಡೆ ಕರಗಿಹೋದ ಬುಟ್ಟಿಯಲ್ಲಿ ಉಳಿದ ಸೀಕರಣೆ, ಮೇಜಿನ ಮೇಲೆ ಉಳಿದ ಮೊಸರನ್ನ ಮತ್ತು ಎರಡನೆಯ ಪಾತ್ರೆಯ ಆರಿದ ಅನ್ನ, ಈ ಮೂರನ್ನು ಮಾತ್ರ ಎಷ್ಟೇ ಉಳಿದಿರಲಿ, ಯಾರಿಗೂ ಕೊಡದೆ ಚೆಲ್ಲಿಬಿಡಿ.